ಖಾಲಿ ಸೈಟಿನ ಆಚೆ

ಬೆಳಿಗ್ಗೆ ಏಳಕ್ಕೆ ಟೈಲರ್ ಕೆಳಗಿಳಿದು ನೋಡಿದರೆ, ಮೆಟ್ಟಿಲ ಬಾಗಿಲಿಗೆ ಯಾರೋ ಒಂದು ಚೀಟಿ ಅಂಟಿಸಿ ಹೋಗಿದ್ದರು. ಎದುರಿನ ಖಾಲಿ ಸೈಟಿನಲ್ಲಿ ಏನು ಕಟ್ಟಬೇಕೆಂದು ತೀರ್ಮಾನಿಸಲು ಸಂಜೆ ನಾಲ್ಕಕ್ಕೆ ಶಾಲೆಯಲ್ಲಿ ಬೀದಿಯವರ ಸಭೆ. ನಗರಸಭೆಯ ಇಂಜಿನಿಯರ್ ಖುದ್ದಾಗಿ ಬರುತ್ತಾರೆ. ಟೈಲರ್ ಅದನ್ನು ಎರಡು ಸಲ ಓದಿದ. ಮೇಲೆ ಹೋಗಿ ಮೆಡಿಕಲ್ ಶಾಪಿನವರ ಪ್ಯಾಂಟಿಗೆ ಕತ್ತರಿ ಹಾಕಿದವನು, ಒಂದು ಕಾಲನ್ನು ಮೊಣಕಾಲಿಗೇ ಮುಗಿಸಿಬಿಟ್ಟ.

ಆ ಸೈಟು ಖಾಲಿಯಾಗಿ ಹನ್ನೊಂದು ವರ್ಷ. ಮುಳ್ಳುಗಿಡ, ಒಡೆದ ಸಿಂಕು, ಒಂದು ಲಾರಿ ಟಯರು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಹಾಗೆ ಏನೂ ಇಲ್ಲದ್ದರಿಂದಲೇ, ಮೊದಲ ಮಹಡಿಯಲ್ಲಿ ಹೊಲಿಗೆ ಮಿಷನ್ ಮುಂದೆ ಕೂತ ಟೈಲರಿಗೆ ಆಚೆಗಿನ ಹಳದಿ ಮನೆಯ ಕಿಟಕಿ ನೇರವಾಗಿ ಕಾಣುತ್ತಿತ್ತು. ಸಂಜೆ ಆರಕ್ಕೆ ಅಲ್ಲಿ ದೀಪ ಹತ್ತುತ್ತಿತ್ತು. ಒಬ್ಬ ಹೆಂಗಸು ಬಂದು ಕೂತು ಪುಸ್ತಕ ತೆರೆಯುತ್ತಿದ್ದರು. ಅಷ್ಟೇ. ಆ ಅಷ್ಟಕ್ಕಾಗಿ ಟೈಲರ್ ಆರು ವರ್ಷದಿಂದ ಬೆಳಗಿನ ಕೆಲಸವನ್ನೂ ಸಂಜೆಗೆ ಉಳಿಸಿಕೊಳ್ಳುತ್ತಿದ್ದ.

ಮನಸ್ಸಿನಲ್ಲೇ ಅವರಿಗೆ 'ಕಿಟಕಿಯವರು' ಎಂದು ಹೆಸರಿಟ್ಟಿದ್ದ. ಒಮ್ಮೆ ಅಂಗಿ ಹೊಲಿಸಲು ಬಂದಿದ್ದರಿಂದ ಅವರ ತೋಳಿನ ಉದ್ದ ಇಪ್ಪತ್ತೊಂದೂವರೆ ಇಂಚು ಎಂಬುದು ಗೊತ್ತು. ಎಲ್ಲಿ ಕೆಲಸ, ಊರು ಯಾವುದು, ಒಂದೂ ಗೊತ್ತಿಲ್ಲ. ಮನೆಯಲ್ಲೇ ಇದ್ದ ಅಕ್ಕನನ್ನು ಕೇಳಿದ್ದರೆ ಹೇಳುತ್ತಿದ್ದಳು. ಆದರೆ 'ಯಾಕೋ ಕೇಳಿದೆ?' ಎಂದು ಅವಳು ತಿರುಗಿ ಕೇಳುತ್ತಿದ್ದಳಲ್ಲ! ಆ ಭಯಕ್ಕೆ ನಲವತ್ತನಾಲ್ಕರ ಗಂಡಸು ಆರು ವರ್ಷ ಬಾಯಿ ಹೊಲಿದುಕೊಂಡಿದ್ದ.

ಎಷ್ಟು ಎತ್ತರದ ಗೋಡೆ ಎದ್ದರೆ ಕಿಟಕಿ ಮರೆಯಾಗುತ್ತದೆಂದು ಮೊದಲು ತಿಳಿಯಬೇಕಿತ್ತು. ಟೈಲರ್ ಏಣಿ ಹೊತ್ತುಕೊಂಡು ಸೈಟಿಗೆ ಹೋದ. ಪಕ್ಕದ ಕಾಂಪೌಂಡಿಗೆ ಏಣಿ ಒರಗಿಸಿ ಹತ್ತಿ, ಕೊರಳಿನ ಟೇಪು ಇಳಿಬಿಟ್ಟು, ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ. ಇನ್ನೊಂದು ಗೆರೆ ಎಳೆಯುವಷ್ಟರಲ್ಲಿ ಕೆಳಗಿನಿಂದ ಕೂಗು ಬಂತು.

"ಟೈಲರ್ರೇ, ನನ್ನ ಪ್ಯಾಂಟೆಲ್ಲಿ?" ಮೆಡಿಕಲ್ ಶಾಪಿನವರು. ಮರುಕ್ಷಣ ಅವರ ಕಣ್ಣು ಗೆರೆಯ ಮೇಲೆ ಬಿತ್ತು. "ಏನ್ರೀ ಇದು? ಸಭೆಗೆ ಮುಂಚೆನೇ ಸೈಟ್ ಅಳತೆ ಮಾಡ್ಕೊಳ್ತಿದೀರಾ?"

"ಇಲ್ಲ ಸಾರ್, ಸುಮ್ನೆ..."

"ಸುಮ್ನೆ ಯಾರಾದ್ರೂ ಏಣಿ ಹತ್ತುತಾರಾ?"

ಹತ್ತು ನಿಮಿಷದಲ್ಲಿ ಸೈಟಿನ ತುಂಬ ಜನ. ಟೈಲರ್ ಜಾಗ ಲಪಟಾಯಿಸುತ್ತಿದ್ದಾನೆ ಎಂದರು ಕೆಲವರು. ಇಲ್ಲ, ನಗರಸಭೆಯೇ ಗುಟ್ಟಾಗಿ ಅವನಿಂದ ಅಳತೆ ತೆಗೆಸುತ್ತಿದೆ ಎಂದರು ಇನ್ನು ಕೆಲವರು. ಅಕ್ಕ ಕೈಯಲ್ಲಿ ಸೌಟು ಹಿಡಿದೇ ಓಡಿಬಂದಳು.

"ಇಳಿಯೋ ಕೆಳಗೆ! ಮಾನ ಮರ್ಯಾದೆ ಇದೆಯೇನೋ ನಿಂಗೆ?"

ಅವಸರದಲ್ಲಿ ಇಳಿಯಹೋಗಿ ಟೈಲರ್ ಕೊನೆಯ ನಾಲ್ಕು ಮೆಟ್ಟಿಲನ್ನು ಒಟ್ಟಿಗೇ ಇಳಿದ. ಮುಳ್ಳುಗಿಡ ಅವನನ್ನು ನೆಂಟನಂತೆ ಬರಮಾಡಿಕೊಂಡಿತು.

ಸಂಜೆ ಸಭೆಗೆ ಅವನು ಮುಖಕ್ಕೆ ಮೂರು ಪ್ಲಾಸ್ಟರು ಹಾಕಿಕೊಂಡು ಹೋದ. ಮೆಡಿಕಲ್ ಶಾಪಿನವರು ಮೊದಲು ಎದ್ದು, ಅಂಗಡಿಗಳ ಕಾಂಪ್ಲೆಕ್ಸ್ ಆಗಬೇಕು ಎಂದರು.

"ಎತ್ತರ ಎಷ್ಟು?" ಟೈಲರ್ ಕೇಳಿದ.

"ನಾಲ್ಕು ಮಹಡಿ."

"ಬೇಡ!"

ಅಕ್ಕ ಪಾರ್ಕು ಬೇಕು, ಸುತ್ತ ಮರ ಬೇಕು ಎಂದಳು.

"ಮರ ಎಷ್ಟು ಎತ್ತರ ಬೆಳೆಯತ್ತೆ?"

"ಮರಕ್ಕೂ ಅಳತೆ ತಗೊಂಡು ಅಂಗಿ ಹೊಲೀತೀಯೇನೋ?" ಎಂದಳು ಅಕ್ಕ. ಸಭೆ ನಕ್ಕಿತು.

ನಿವೃತ್ತ ಮೇಷ್ಟ್ರು ಗ್ರಂಥಾಲಯದ ನಕ್ಷೆಯನ್ನೇ ತಂದಿದ್ದರು. ಕೆಳಗೆ ಪುಸ್ತಕ, ಮೇಲೆ ಓದುವ ಕೋಣೆ. ನಕ್ಷೆ ಕೈಯಿಂದ ಕೈಗೆ ಹೋಯಿತು, ತಲೆಗಳು ಒಂದೊಂದಾಗಿ ಹೌದೆಂದು ಆಡಿದವು. ಇಂಜಿನಿಯರ್ ಪೆನ್ನಿನ ಮುಚ್ಚಳ ತೆಗೆದರು.

ಟೈಲರ್ ಎದ್ದು ನಿಂತ. ಏನು ಹೇಳಬೇಕೆಂದು ಅವನಿಗೇ ತಿಳಿಯದು.

"ಎಲ್ಲಾ ಕಡೆ ಕಟ್ಟಿದೀವಿ ಸಾರ್. ಇದೊಂದು ಉಳಿದಿದೆ. ಸಂಜೆ ಆಯ್ತು ಅಂದ್ರೆ ಆಚೆ ಮನೇಲಿ ದೀಪ ಹತ್ತತ್ತೆ. ಹತ್ತಿದ್ರೆ, ಆ ಮನೆಯವರು ಕ್ಷೇಮವಾಗಿ ಬಂದ್ರು ಅಂತ. ಒಂದಿನ ಹತ್ತು ನಿಮಿಷ ತಡ ಆದ್ರೆ ಈ ಕಡೆ ಒಬ್ಬನಿಗೆ ಎದೆ ಹೊಡ್ಕೊಳ್ಳತ್ತೆ. ಅವರು ನಮಗೆ ಏನೂ ಆಗ್ಬೇಕಿಲ್ಲ. ಆದ್ರೂ ಬಂದ್ರಲ್ಲ ಅನ್ನೋದೇ ಒಂದು ಸಮಾಧಾನ. ಗೋಡೆ ಎದ್ರೆ, ಯಾರು ಬಂದ್ರು ಯಾರು ಬರ್ಲಿಲ್ಲ ಅಂತ ಹೇಗೆ ತಿಳಿಯೋದು?"

ಹೆಂಡತಿ ಹೋದಮೇಲೆ ಒಂಟಿಯಾಗಿದ್ದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ನಕ್ಷೆಯನ್ನು ಮಡಿಚಿಬಿಟ್ಟರು. "ಬೇಡ ಬಿಡಿ," ಎಂದರು. ತಮ್ಮ ಕಾಂಪ್ಲೆಕ್ಸ್ ಹೇಗೂ ಆಗುವುದಿಲ್ಲವೆಂದು ಅರಿತ ಮೆಡಿಕಲ್ ಶಾಪಿನವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಸೈಟು ಖಾಲಿಯೇ ಇರಲಿ ಎಂದು ಬೀದಿ ಒಕ್ಕೊರಲಿನಿಂದ ಹೇಳಿತು.

"ಹಾಗಾದ್ರೆ ಮೇಷ್ಟ್ರು ಅರ್ಜಿ ಹಾಕಿದ್ದ ಗ್ರಂಥಾಲಯ ಪಕ್ಕದೂರಿಗೆ ಹೋಗತ್ತೆ," ಎಂದರು ಇಂಜಿನಿಯರ್. "ಅವರು ಎರಡು ವರ್ಷದಿಂದ ಕೇಳ್ತಿದಾರೆ. ಈಗ್ಲೇ ಆಫೀಸಿಗೆ ಫೋನ್ ಮಾಡ್ತೀನಿ."

"ಹೋಗ್ಲಿ ಸಾರ್, ಅವರೂ ಓದ್ಲಿ," ಎಂದ ಟೈಲರ್ ಧಾರಾಳವಾಗಿ.

ಆರು ಗಂಟೆಗೆ ಅವನು ತಲೆ ಬಾಚಿಕೊಂಡು ಮಿಷನ್ ಮುಂದೆ ಕೂತ. ದೀಪ ಹತ್ತಲಿಲ್ಲ. ಆರೂ ಹತ್ತಾಯಿತು. ಎದ್ದು ಕಿಟಕಿಗೆ ಮುಖವಿಟ್ಟು ನೋಡಿದರೆ, ಕಿಟಕಿಯವರು ಸೈಟಿನಲ್ಲೇ ಇದ್ದರು. ಮುಳ್ಳು ತಪ್ಪಿಸುತ್ತ, ತೋಳಿನ ಮೇಲೆ ಒಂದು ಕೋಟು ಹಾಕಿಕೊಂಡು, ಇತ್ತ ಕಡೆಗೇ ಬರುತ್ತಿದ್ದರು.

"ಅಂಚು ಬಿಟ್ಟುಹೋಗಿದೆ. ಬೆಳಿಗ್ಗೆ ಬೇಕಿತ್ತು. ಆಗತ್ತಾ?"

"ಈಗ್ಲೇ ಆಗತ್ತೆ. ಕೂತ್ಕೊಳಿ."

ಸೂಜಿಗೆ ದಾರ ಪೋಣಿಸಲು ಐದು ಸಲ ಬೇಕಾಯಿತು. ಕೋಟನ್ನು ತೊಡೆಯ ಮೇಲೆ ಹರಡಿಕೊಂಡು, ತಲೆ ಎತ್ತದೆ ಕೇಳಿದ: "ಎಲ್ಲಿಗಾದ್ರೂ ಹೊರಟಿದೀರಾ?"

"ಪಕ್ಕದೂರಿಗೆ, ಮನೆ ನೋಡೋಕೆ. ನಾನು ಗ್ರಂಥಾಲಯದಲ್ಲಿರೋದು. ನಮ್ಮ ಹಳೇ ಕಟ್ಟಡ ಬೀಳೋ ಹಾಗಿದೆ. ಹೊಸದು ಈ ಸೈಟಲ್ಲೇ ಆಗ್ಲಿ ಅಂತ ಮೇಷ್ಟ್ರ ಹಿಂದೆ ಬಿದ್ದು ಅರ್ಜಿ ಹಾಕಿಸಿದ್ದೇ ನಾನು. ಸಂಜೆ ಫೋನ್ ಬಂತು, ಅಲ್ಲಿಗೆ ಹೋಯ್ತಂತೆ. ಗ್ರಂಥಾಲಯ ಹೋದ ಕಡೆ ನಾನೂ ಹೋಗ್ಬೇಕಲ್ಲ."

ಸೂಜಿ ತನ್ನ ಪಾಡಿಗೆ ತಾನು ಓಡುತ್ತಿತ್ತು.

"ಮೇಲಿನ ಓದುವ ಕೋಣೆಗೆ ಈ ಕಡೆ ಒಂದು ದೊಡ್ಡ ಕಿಟಕಿ ಇಡಿಸಿ ಅಂತ ಹೇಳಿದ್ದೆ," ಅವರು ಸಣ್ಣಗೆ ನಕ್ಕರು. "ನಿಮ್ಮ ಮಿಷನ್ ಸದ್ದು ಕೇಳ್ತಾ ಓದಿ ಓದಿ ಅಭ್ಯಾಸ ಆಗೋಗಿದೆ. ಅದಿಲ್ದೆ ಪುಟ ಮುಂದೆ ಹೋಗಲ್ಲ. ಅಲ್ಲಿದ್ರೆ ಇಡೀ ದಿನ ಕೇಳ್ಬಹುದಲ್ಲ ಅನ್ಕೊಂಡಿದ್ದೆ." ಆಮೇಲೆ ಕೇಳಿದರು: "ಯಾರೋ ಎದ್ದು ಎಲ್ಲರ ಕಣ್ಣಲ್ಲೂ ನೀರು ಬರೋ ಹಾಗೆ ಮಾತಾಡಿದ್ರಂತೆ. ಯಾರದು?"

ಟೈಲರ್ ಬಾಯಿ ತೆರೆದ. ಉತ್ತರ ಮಾತ್ರ ಅಡಿಗೆಮನೆಯಿಂದ ಬಂತು.

"ಇನ್ಯಾರಮ್ಮ, ನನ್ನ ತಮ್ಮನೇ!" ಅಕ್ಕ ಹೆಮ್ಮೆಯಿಂದ ಹೊರಗೆ ಬಂದಳು. "ಇವನು ಬಾಯಿ ಬಿಟ್ಟಿದ್ದನ್ನ ನಾನೂ ಇವತ್ತೇ ನೋಡಿದ್ದು!"

ಕಿಟಕಿಯವರು ಟೈಲರನ್ನೇ ನೋಡಿದರು. ಆಮೇಲೆ ಮಿಷನ್ ಮುಂದಿನ ಕಿಟಕಿಯಾಚೆ, ತಾವು ಬಂದ ದಾರಿಯ ಕಡೆ ನೋಡಿದರು. ಇಲ್ಲಿಂದ ತಮ್ಮ ಕಿಟಕಿ ಎಷ್ಟು ಚೆನ್ನಾಗಿ ಕಾಣುತ್ತದೆಂದು ಅವರಿಗೆ ಆಗಷ್ಟೇ ಗೊತ್ತಾಗಿದ್ದು.

"ಕತ್ತಲಾಗ್ತಿದೆ, ಬರ್ತೀನಿ," ಎಂದು ಎದ್ದು, ಕೋಟಿನ ಕಾಲರು ಹಿಡಿದು ಎಳೆದರು. ಕೋಟು ಬರಲಿಲ್ಲ. ಮತ್ತೆ ಎಳೆದರು. ಕೋಟಿನ ಜೊತೆಗೆ ಟೈಲರೂ ಕುರ್ಚಿ ಬಿಟ್ಟು ಎದ್ದ.

ಅಂಚನ್ನು ಅವನು ಈ ತುದಿಯಿಂದ ಆ ತುದಿಯವರೆಗೆ ತನ್ನ ಪ್ಯಾಂಟಿಗೇ ಸೇರಿಸಿ ಹೊಲಿದಿದ್ದ. ಸಣ್ಣ ಸಣ್ಣ ಹೊಲಿಗೆ, ಒಂದೂ ಸಡಿಲವಿಲ್ಲ.

"ಬಿಚ್ಚಿ ಕೊಡ್ತೀನಿ," ಎಂದು ಟೈಲರ್ ಕತ್ತರಿಗೆ ಕೈ ಚಾಚಿದ.