ಧೋತರ ಸುತ್ತಿದ ಸೊಂಟ

ಹೆದರುವುದಕ್ಕೆ ದೊಡ್ಡ ಕಾರಣವೇ ಬೇಕು ಅಂತ ಕೆಲವರು ತಿಳಿದಿರುತ್ತಾರೆ. ನನಗಂತೂ ಬೇಕಾಗಿಲ್ಲ. ಹೆಂಗಸರು ಟಿಕೆಟಿಗೆ ದುಡ್ಡೇ ಕೊಡಬೇಕಾಗಿಲ್ಲದ ಈ ಕಾಲದಲ್ಲೂ ಬಸ್ಸಿನ ಕಂಡಕ್ಟರ್ ನನ್ನ ಕಡೆ ನೋಡಿದರೆ ಎದೆ ಡವಡವ ಅನ್ನುತ್ತದೆ. ಇಷ್ಟು ಪುಕ್ಕಲಿಯಾದ ನಾನು ನನ್ನ ಮೈಗೇ ಹೆದರಿಕೊಂಡು ಬದುಕಿದ ಸುದ್ದಿಯನ್ನು ನಿಮಗಾಗಿ ಬರೆದಿಡುತ್ತಿದ್ದೇನೆ, ಮೊಮ್ಮಕ್ಕಳೇ. ಎದುರಿಗೆ ಕೂತು ಹೇಳಲು ನಾಚಿಕೆ. ನೀವು ನಗುತ್ತೀರಿ ಅಂತಲ್ಲ. ನಗುವ ಮೊದಲು ನನ್ನನ್ನು ನಿಲ್ಲಿಸಿ ಮೇಲಿಂದ ಕೆಳಗಿನ ತನಕ ನೋಡುತ್ತೀರಲ್ಲ, ಅದನ್ನು ತಾಳುವ ಶಕ್ತಿ ನನಗಿಲ್ಲ. ಮೊದಲಿನಿಂದಲೂ ನಾನು ಯಾರ ಕಣ್ಣಿಗೂ ಬೀಳದೆ ಗೋಡೆ ಹಿಡಿದು ಹೋಗುವವಳು. ಗೋಡೆ ಹಿಡಿದರೂ ದಾರಿ ತುಂಬುವಷ್ಟು ಮೈ ಇತ್ತು, ಅದು ಬೇರೆ ಮಾತು.

ನಮ್ಮ ಊರಲ್ಲಿ ದಪ್ಪ ಇದ್ದವಳನ್ನು ಯಾರೂ ದಪ್ಪ ಅನ್ನುವುದಿಲ್ಲ. "ಮೈಕೈ ತುಂಬ್ಕೊಂಡಾಳ" ಅನ್ನುತ್ತಾರೆ. ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾಳೆ ಅಂತ ಅದರ ಅರ್ಥ. ಹಾಗಾಗಿ ನಾನು ದಪ್ಪಗಿರುವುದು ನಿಮ್ಮವ್ವನ ಮರ್ಯಾದೆಯೂ ಆಗಿತ್ತು. ಆದರೆ ಮೊಣಕಾಲುಗಳಿಗೆ ಯಾರ ಮರ್ಯಾದೆಯೂ ತಿಳಿಯುವುದಿಲ್ಲ. ನೋವು ಹೆಚ್ಚಾಗಿ ನಿಮ್ಮಪ್ಪ ನನ್ನನ್ನು ಹುನಗುಂದದ ದವಾಖಾನೆಗೆ ಕರೆದುಕೊಂಡು ಹೋದ. ಅಲ್ಲಿ ತೂಕದ ಮಷೀನಿನ ಮೇಲೆ ಹತ್ತು ಅಂದರು. ಅದು ಮುರಿದರೆ ದುಡ್ಡು ಯಾರು ಕಟ್ಟಿಕೊಡುವವರು ಅಂತ ಹೆದರಿ ಒಂದೇ ಕಾಲಿಟ್ಟೆ. ನಿಮ್ಮ ವಯಸ್ಸಿಗಿಂತ ಸ್ವಲ್ಪವೇ ದೊಡ್ಡವಳಾದ ಡಾಕ್ಟರಮ್ಮ ನಕ್ಕು ಇನ್ನೊಂದು ಕಾಲನ್ನೂ ಇಡಿಸಿದಳು. ಆಮೇಲೆ ನಗಲಿಲ್ಲ. ಸಕ್ಕರೆ ಕಾಯಿಲೆ ಬಾಗಿಲ ತನಕ ಬಂದು ನಿಂತಿದೆ, ತೂಕ ಇಳಿಸದಿದ್ದರೆ ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಡುತ್ತದೆ ಅಂದಳು. ನಿಮ್ಮಪ್ಪ ಆಗ ಹೊರಗೆ ಚೀಟಿಯ ಸಾಲಿನಲ್ಲಿ ನಿಂತಿದ್ದ. ಹಾಸಿಗೆ ಹಿಡಿದು ಸೊಸೆಯ ಕೈಯಲ್ಲಿ ಎಲ್ಲ ಮಾಡಿಸಿಕೊಳ್ಳುವುದನ್ನು ನೆನೆಸಿಕೊಂಡೇ ಕಾಲುವೆ ದಾರಿಯಲ್ಲಿ ನಡೆಯಲು ಸುರು ಮಾಡಿದೆ. ರೊಟ್ಟಿ ಕಡಿಮೆ ಮಾಡಿದೆ. ಶೇಂಗಾ ಚಟ್ನಿಯ ಮೇಲೆ ಎಣ್ಣೆ ಹಾಕಿಕೊಳ್ಳುವುದನ್ನು ಬಿಟ್ಟೆ. ಇದರಷ್ಟು ದುಃಖ ನನ್ನ ಗಂಡ, ಅಂದರೆ ನಿಮ್ಮ ಮುತ್ಯಾ, ತೀರಿಕೊಂಡ ಮೇಲೆ ನನಗೆ ಮತ್ತೊಂದಿರಲಿಲ್ಲ.

ಮೈ ಇಳಿಯಿತು. ಅದು ನನ್ನ ಮಾತು ಕೇಳುತ್ತದೆ ಅಂತ ನಾನು ಎಣಿಸಿರಲೇ ಇಲ್ಲ. ತೋಳಿನ ಚರ್ಮ ಹಿಟ್ಟು ಖಾಲಿಯಾದ ಚೀಲದ ಹಾಗೆ ಜೋತುಬಿತ್ತು. ಮದುವೆಗೆ ಮುಂಚೆ ಮುಂಗೈ ಮೇಲೆ ಹಾಕಿಸಿಕೊಂಡ ಹಚ್ಚೆಯ ಚೇಳು ನನ್ನ ಜೊತೆ ಬೆಳೆದು ಏಡಿಯಷ್ಟಾಗಿತ್ತು. ಅದೀಗ ಮುದುಡಿ ಇರುವೆಯಾಯಿತು. ಪಕ್ಕದ ಮನೆಯ ಮಾಬವ್ವ ನಮ್ಮ ಓಣಿಯವರಿಗೆಲ್ಲ ಜಂಪರು ಹೊಲಿದುಕೊಡುವವಳು. ನನ್ನದನ್ನು ಬಿಗಿ ಮಾಡಲು ಕೊಟ್ಟರೆ, "ಯಕ್ಕಾ, ಇದರಾಗ ನಾನೂ ಹಿಡೀತೇನಿ, ಇಬ್ರೂ ಕೂಡಿ ಹಾಕ್ಕೊಳ್ಳೂಣು" ಅಂದಳು. ನಗು ಬಂತು. ಮನೆಗೆ ಬಂದು ಕನ್ನಡಿ ನೋಡಿದೆ, ನಗು ಹೋಯಿತು.

ಕನ್ನಡಿಯಲ್ಲಿ ನಮ್ಮವ್ವ ನಿಂತಿದ್ದಳು. ನಮ್ಮವ್ವನೂ ದುಂಡಗೆ ಇದ್ದವಳು. ಕಡೆಯ ಬೇನೆಯಲ್ಲಿ ಗಲ್ಲ ಒಳಗೆ ಹೋಗಿ, ಕಣ್ಣು ಮಾತ್ರ ದೊಡ್ಡದಾಗಿ, ಕೊರಳಿನ ನರ ಎದ್ದು ಕಾಣುತ್ತಿದ್ದವು. ಅದೇ ಗಲ್ಲ, ಅದೇ ಕೊರಳು. ನಾನು ರೊಟ್ಟಿ ಬಿಟ್ಟಿದ್ದಕ್ಕೆ ಮೈ ಇಳಿಯುತ್ತಿದೆಯೋ, ಒಳಗೆ ಏನೋ ಕೂತು ನನ್ನನ್ನು ತಿನ್ನುತ್ತಿದೆಯೋ? ನಾನು ಮಾಡಿದ ಕೆಲಸ ಇಷ್ಟು ಚೆನ್ನಾಗಿ ಆಗುತ್ತದೆ ಅಂದರೆ ನನಗೇ ನಂಬಿಕೆ ಇರಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ತೆಳ್ಳಗಾಗಲು ನಡೆಯುತ್ತಿದ್ದೇನೆ ಅನ್ನಬೇಕು. ಗಂಡನಿಲ್ಲದ ಮುದುಕಿ ಯಾರಿಗೆ ತೋರಿಸಲು ತೆಳ್ಳಗಾಗುತ್ತಿದ್ದಾಳೆ ಅಂತ ಓಣಿ ಆಡಿಕೊಳ್ಳುವುದಿಲ್ಲವೇ? ಕಾಲುವೆ ದಾರಿಯಲ್ಲಿ ಯಾರಾದರೂ ಎದುರಾದರೆ ಕಳೆದುಹೋದ ಎಮ್ಮೆ ಹುಡುಕುತ್ತಿದ್ದೇನೆ ಅನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ.

ಕಡೆಗೆ ಒಂದು ಉಪಾಯ ಹುಡುಕಿದೆ. ಟ್ರಂಕಿನಿಂದ ನಿಮ್ಮ ಮುತ್ಯಾನ ಬಿಳಿ ಧೋತರ ತೆಗೆದು, ಮಡಿಸಿ, ಸೀರೆಯೊಳಗೆ ಸೊಂಟಕ್ಕೆ ಸುತ್ತಿಕೊಂಡೆ. ಹೊರಗಿನವರಿಗೆ ನಾನು ಮೊದಲಿನಂತೆಯೇ ಕಂಡೆ. ಬಿಸಿಲಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಆದರೂ ಒಂದು ಧೈರ್ಯ. ಬದುಕಿದ್ದಾಗ ನಾಲ್ಕು ಜನರ ಮುಂದೆ ನನ್ನ ಕೈ ಹಿಡಿಯದ ಮನುಷ್ಯ ಈಗ ನನ್ನ ಸೊಂಟ ಹಿಡಿದು ಸಂತೆಗೆ ಬರುತ್ತಿದ್ದ.

ಹುನಗುಂದದ ಬಜಾರಿನಲ್ಲೇ ಎಡವಟ್ಟಾಯಿತು. ಬಸ್ಸಿನಿಂದ ಇಳಿಯುವಾಗ ನೂಕಾಟದಲ್ಲಿ ಧೋತರದ ಗಂಟು ಬಿಚ್ಚಿ, ಒಂದು ತುದಿ ಸೀರೆಯ ಹೊರಗೆ ಜೋತಾಡಿತು. ನಾನು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತೆ. ಇಳಕಲ್ಲಿನ ಪರಿಚಯದ ಹೆಂಗಸೊಬ್ಬಳು ನೋಡಿದಳು. ಏನೂ ಕೇಳಲಿಲ್ಲ, ಲೊಚಗುಟ್ಟಿ ಹೋದಳು. ಕೇಳಿದ್ದರೆ ಚೆನ್ನಾಗಿತ್ತು.

ಆ ವಾರವೇ ಇಳಕಲ್ಲಿನಿಂದ ನನ್ನ ತಮ್ಮ ಬಂದ. ಮನೆಯಲ್ಲಿ ಮಗ್ಗ ಇಟ್ಟುಕೊಂಡು ಸೀರೆ ನೇಯಿಸುವವನು, ಎಲ್ಲ ಕೆಲಸವನ್ನೂ ಹೊತ್ತಿಗೆ ಮುಂಚೆ ಮಾಡುವವನು. ಒಂಬತ್ತರ ಬಸ್ಸಿಗೆ ಏಳಕ್ಕೇ ಹೋಗಿ ನಿಲ್ಲುತ್ತಾನೆ. ಹೆಂಡತಿ ಹೋಳಿಗೆ ಕೊಟ್ಟಿದ್ದಾಳೆ ಅಂತ ಚೀಲ ನನ್ನ ಕೈಗೆ ಕೊಟ್ಟು, ನನ್ನ ಮುಖ ನೋಡಲಾರದೆ ಮಾಳಿಗೆಯ ಜಂತಿ ನೋಡುತ್ತ ಕೂತ. ನಾನು ಅಡುಗೆ ಮನೆಯಲ್ಲಿ ಚೀಲದಿಂದ ಹೋಳಿಗೆ ಡಬ್ಬಿ ತೆಗೆದೆ. ಅದರ ಕೆಳಗೆ ಹೊಸ ಇಳಕಲ್ ಸೀರೆ. ಬೂದಿ ಬಣ್ಣದ್ದು, ಮಡಿಕೆ ಬಿಚ್ಚದ್ದು.

ಹಬ್ಬವಿಲ್ಲ, ಮದುವೆಯಿಲ್ಲ, ತವರಿನವರು ಸೀರೆ ತಂದಿದ್ದಾರೆ. ನಮ್ಮಲ್ಲಿ ಹೆಣ್ಣು ಸತ್ತಾಗ ಹೊದಿಸುವ ಕಡೆಯ ಸೀರೆಯೂ ತವರಿನಿಂದಲೇ ಬರಬೇಕು. ಹಾಗಾದರೆ ಎಲ್ಲರಿಗೂ ಗೊತ್ತಿದೆ. ಡಾಕ್ಟರಮ್ಮ ನಿಮ್ಮಪ್ಪನಿಗೆ ಹೇಳಿದ್ದಾಳೆ, ನಿಮ್ಮಪ್ಪ ಇವನಿಗೆ ಹೇಳಿದ್ದಾನೆ. ನಿಮ್ಮವ್ವ ಇತ್ತೀಚೆಗೆ ನನಗೆ ಕೊಡ ಎತ್ತಲು ಬಿಡುತ್ತಿರಲಿಲ್ಲ, ಅದೂ ಇದಕ್ಕೇ. ಕನ್ನಡಿಯಲ್ಲಿ ನಮ್ಮವ್ವ ಸುಮ್ಮನೆ ಬಂದಿರಲಿಲ್ಲ.

ಸೀರೆ ಹಿಡಿದುಕೊಂಡೇ ಹೊರಗೆ ಬಂದೆ. ಎಲ್ಲಿಂದ ಧ್ವನಿ ಬಂತೋ.

"ತಮ್ಮಾ, ನನಗ ಏನಾಗೇತಿ? ಖರೆ ಹೇಳಿಬಿಡು."

ಅವನ ಕಣ್ಣು ತುಂಬಿದವು. "ನೀನ ಹೇಳಬೇಕು ಯಕ್ಕಾ. ಹೊಟ್ಟಿ ಕೊಯ್ಸ್ಕೊಂಡು ಪಟ್ಟಿ ಸುತ್ಕೊಂಡು ಅಡ್ಡಾಡಾಕತ್ತಾಳ ಅಂತ ಸುದ್ದಿ ಬಂತು. ತಮ್ಮಗ ಒಂದು ಮಾತು ಹೇಳಬಾರದಾಗಿತ್ತೇನು?"

ಪಟ್ಟಿ ಅಂದರೆ ಯಾವುದು ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಒಳಗೆ ಹೋಗಿ ಧೋತರ ಬಿಚ್ಚಿಕೊಂಡು ಬಂದು ಅವನ ಮುಂದೆ ಇಟ್ಟೆ. "ಪಟ್ಟಿ ಅಲ್ಲೋ, ನಿಮ್ಮ ಮಾಮಾನ ಧೋತರ" ಅಂದೆ. ಆಮೇಲೆ ನೆಲ ನೋಡುತ್ತ ಡಾಕ್ಟರಮ್ಮ, ಮೊಣಕಾಲು, ರೊಟ್ಟಿ, ಇಲ್ಲದ ಎಮ್ಮೆ ಎಲ್ಲ ಹೇಳಿದೆ. ಜನ ಯಾರಿಗೆ ತೋರಿಸಲು ಅಂತ ಕೇಳಿದರೆ ಏನನ್ನಲಿ ಅಂತಲೂ ಹೇಳಿದೆ.

"ಸಾಯಾಕತ್ತಾಳ ಅನ್ಸ್ಕೊಳ್ಳೂದು ಅದಕ್ಕಿಂತ ಚಲೋ ಏನು?" ಅಂದ ತಮ್ಮ.

ಅಲ್ಲಿಯ ತನಕ ನನಗೆ ಅದೇ ಚಲೋ ಅನಿಸಿತ್ತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ನಿಮ್ಮವ್ವ ಸೆರಗು ಬಾಯಿಗಿಟ್ಟು ಒಳಗೆ ಓಡಿದಳು. ಅಳುತ್ತಿದ್ದಾಳೆ ಅಂದುಕೊಂಡೆ. ಪಾತ್ರೆ ಬಿದ್ದ ಸಪ್ಪಳದ ಜೊತೆ ನಗು ಕೇಳಿತು.

ಸೀರೆ ಮಾತ್ರ ನಡುವೆ ಉಳಿಯಿತು. ತಂದ ಸೀರೆ ಹೊಳ್ಳಿ ಒಯ್ಯಲು ಬರುವುದಿಲ್ಲ, ಈಗಲೇ ಉಟ್ಟುಬಿಡು, ಆವಾಗಿನದನ್ನು ಆವಾಗ ನೋಡೋಣ ಅಂತ ತಮ್ಮ ಹಟ ಹಿಡಿದ. ಉಟ್ಟೆ. ಸೊಂಟ ಇಳಿದಿದ್ದಕ್ಕೆ ಮುಂದೆ ನೆರಿಗೆ ಜಾಸ್ತಿ ಬಂದಿದ್ದವು. ಕನ್ನಡಿಯ ಮುಂದೆ ನಿಂತೆ. ಈ ಸಲವೂ ನಮ್ಮವ್ವನೇ ಇದ್ದಳು, ಆದರೆ ಬೇನೆ ಬರುವುದಕ್ಕೆ ಬಹಳ ಮುಂಚಿನವಳು. ಹೆದರಿಕೆ ಪೂರ್ತಿ ಹೋಗಿದೆ ಅಂತ ಸುಳ್ಳು ಹೇಳುವುದಿಲ್ಲ. ದವಾಖಾನೆಗೆ ಹೋಗಿ ರಕ್ತ ಕೊಟ್ಟು, ಏನೂ ಇಲ್ಲ ಅನ್ನಿಸಿಕೊಂಡು ಬಂದರೂ, ಮಷೀನಿನ ಮೇಲೆ ಇವತ್ತಿಗೂ ಮೊದಲು ಒಂದೇ ಕಾಲಿಡುತ್ತೇನೆ.

ಅವತ್ತು ತಮ್ಮ ಹೊರಟಾಗ ಬಾಗಿಲ ತನಕ ಹೋಗಿ, ಯಾರಿಗೂ ಕೇಳದ ಹಾಗೆ ಒಂದು ಮಾತು ಹೇಳಿದೆ. ಅದನ್ನು ನಿಮಗೂ ಹೇಳಿಡುತ್ತೇನೆ, ಅವನು ಮರೆತರೆ ನೀವು ನೆನಪು ಮಾಡಿ. "ಈ ಬೂದಿ ಬಣ್ಣ ಉಟ್ಟು ನಾ ಹೋಗಾಕಿ ಅಲ್ಲ. ನನ್ನ ಹೊತ್ತು ಬಂದಾಗ ನವಿಲು ಬಣ್ಣದ್ದು ತಾ. ಸೆರಗು ದೊಡ್ಡದಿರಲಿ, ಮಂದಿ ನೋಡತಾರ."