ಮುದ್ದೆ ನನ್ನದು, ಟಿಪ್ಸು ಅವನದು

ಬನ್ನಿ, ಕೂತ್ಕೊಳ್ಳಿ. ಬಾಗಿಲಲ್ಲಿ ನಿಂತು ಕೇಳೋ ಕತೆ ಅಲ್ಲ ಇದು. ಚಾಪೆ ಎಳ್ಕೊಳ್ಳಿ, ಗೋಡೆಗೆ ಒರಗಿಕೊಳ್ಳಿ, ಆ ಫೋನು ಮಗುಚಿ ಇಡಿ. ನನಗೆ ಸಿಟ್ಟು ಬಂದಿದೆ. ಬಂದು ಬಹಳ ಕಾಲವಾಯಿತು, ಇನ್ನೂ ಇಳಿದಿಲ್ಲ. ನಿಮಗೆ ಹೇಳಿದರಾದರೂ ಇಳಿಯುತ್ತದೇನೋ ನೋಡೋಣ.

ಹೋಟ್ಲಲ್ಲಿ ಉಂಡವರು ಬಿಲ್ಲು ಕೊಟ್ಟ ಮೇಲೂ ಸೋಂಪಿನ ತಟ್ಟೆಯಲ್ಲಿ ಒಂದಿಷ್ಟು ದುಡ್ಡು ಬಿಟ್ಟು ಹೋಗುತ್ತಾರಲ್ಲ, ಯಾಕೆ? ಊಟ ರುಚಿಯಾಗಿತ್ತು ಅಂತ, ಅಂತೀರಿ ನೀವು. ಹಂಗಾದರೆ ಅಡಿಗೆ ಮಾಡಿದವಳಿಗೆ ಯಾಕೆ ಬರಲಿಲ್ಲ? ನಾನು ಚಿಕ್ಕಬಳ್ಳಾಪುರದ ಒಂದು ಮುದ್ದೆ ಹೋಟ್ಲಲ್ಲಿ ತಲೆ ಪೂರ್ತಿ ನೆರೆಯುವವರೆಗೂ ಒಲೆ ಮುಂದೆ ನಿಂತು ಮುದ್ದೆ ತಿರುವಿದವಳು. ಆ ಹೋಟ್ಲಲ್ಲಿ ದಿನಕ್ಕೊಂದು ರಾಮಾಯಣ ಆಗದಿದ್ದರೆ ಬಸ್ಸಾರಿಗೆ ಉಪ್ಪೇ ಹತ್ತುತ್ತಿರಲಿಲ್ಲ.

ಕಿಂಡಿಯ ಆಚೆ, ಕಿಂಡಿಯ ಈಚೆ

ಅಡಿಗೆಮನೆಗೂ ಊಟದ ಹಾಲ್‌ಗೂ ನಡುವೆ ಗೋಡೆಯಲ್ಲಿ ಒಂದು ಕಿಂಡಿ. ಈಚೆ ನಾನು, ಹೊಗೆ, ಬೆವರು, ಕುದಿಯೋ ಹಿಟ್ಟು. ಆಚೆ ಸಪ್ಲೈಯರ್ರು. ಗೌರಿಬಿದನೂರು ಕಡೆಯವನು. ಇಸ್ತ್ರಿ ಮಾಡಿದ ಅಂಗಿ, ಜೇಬಲ್ಲಿ ಬಾಚಣಿಗೆ, ಮುಖದ ತುಂಬ ನಗು. ಮುದ್ದೆ ಕಿಂಡಿಯಲ್ಲಿ ಇಟ್ಟರೆ ಎತ್ತಿಕೊಂಡು ಹೋಗುವುದು, ಅಷ್ಟೇ ಅವನ ಕೆಲಸ.

ಗಿರಾಕಿ ಕೂತಲ್ಲಿಂದಲೇ ಹೊಗಳುತ್ತಿದ್ದರು. "ಏನಯ್ಯ ಇದು, ಮುದ್ದೆ ಬೆಣ್ಣೆ ಇದ್ದಂಗಿದೆ! ಗಂಟಲಲ್ಲಿ ಇಳಿದಿದ್ದೇ ಗೊತ್ತಾಗ್ಲಿಲ್ಲ."

ಇವನು ಕೈ ಮುಗಿದು, ತಲೆ ಬಗ್ಗಿಸಿ, "ಎಲ್ಲಾ ನಿಮ್ಮ ಅಭಿಮಾನ ಸಾರ್" ಅನ್ನುತ್ತಿದ್ದ. ಇವನೇ ತಿರುವಿದ ಹಂಗೆ! ನೋಟು ಸೋಂಪಿನ ತಟ್ಟೆಗೆ, ಅಲ್ಲಿಂದ ಇವನ ಜೇಬಿಗೆ.

ನನ್ನ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬರುತ್ತಿದ್ದರು. ಕೂದಲು ಸಿಕ್ಕಿದರೆ ಮಾತ್ರ ಬರುತ್ತಿದ್ದರು. ಹೊಗಳಿಕೆ ಹಾಲ್‌ಗೆ, ಬೈಗುಳ ಅಡಿಗೆಮನೆಗೆ. ಒಂದು ದಿನ ಹಂಗೇ ಒಬ್ಬರು ತಟ್ಟೆ ಹಿಡ್ಕೊಂಡು ನುಗ್ಗಿದರು.

"ಯಾರಮ್ಮ ಇಲ್ಲಿ ಮುದ್ದೆ ಮಾಡೋದು? ನೋಡು, ಕೂದ್ಲು!"

ನಾನು ಸೆರಗು ಸರಿಸಿ ತಲೆ ತೋರಿಸಿದೆ. ಮಲ್ಲಿಗೆ ಹಂಗೆ ಬೆಳ್ಳಗಿದೆ. "ನೋಡಪ್ಪ, ಇದರಲ್ಲಿ ಒಂದು ಕರೀ ಕೂದ್ಲು ಹುಡುಕಿಕೊಡು, ನಿನ್ನ ಊಟ ಪುಕ್ಕಟೆ."

ಅವರು ಕೂದಲನ್ನು ಬೆಳಕಿಗೆ ಹಿಡಿದರು. ತುದಿಯೆಲ್ಲ ಕಪ್ಪು, ಬುಡದಲ್ಲಿ ಮಾತ್ರ ಒಂದು ಅಕ್ಕಿಕಾಳಿನಷ್ಟು ಬಿಳಿ. ಇಡೀ ಹೋಟ್ಲಲ್ಲಿ ತಲೆಗೆ ಬಣ್ಣ ಹಚ್ಚುತ್ತಿದ್ದವನು ಒಬ್ಬನೇ. ಕಿಂಡಿಯ ಆಚೆ ನೋಡಿದೆ, ಬಾಚಣಿಗೆ ಆಗಲೇ ಒಳಜೇಬಿಗೆ ಇಳಿದಿತ್ತು.

ಅವತ್ತೂ ಅವನಿಗೆ ಟಿಪ್ಸು ಬಂತು ಕಣ್ರೀ!

ಬೀಗರ ಮುಂದೆ

ಶಿಡ್ಲಘಟ್ಟದ ಕಡೆಯ ಒಬ್ಬ ರೇಷ್ಮೆ ಬೆಳೆಗಾರರು ಬರುತ್ತಿದ್ದರು. ಗೂಡು ಮಾರಿ ಕೈ ತುಂಬ ದುಡ್ಡಿದ್ದರೂ ಟಿಪ್ಸು ಅನ್ನೋ ಮಾತೇ ಇಲ್ಲ. ಬದಲಿಗೆ ಸೋಂಪು ಅಷ್ಟನ್ನೂ ಜೇಬಿಗೆ ಸುರ್ಕೊಂಡು ಹೋಗೋರು, ಮನೇಲಿ ಮಕ್ಕಳಿಗೆ ಅಂತ.

ಒಂದು ದಿನ ಅವರ ಜೊತೆ ಚಿಂತಾಮಣಿಯಿಂದ ಬೀಗರಾಗುವವರು ಬಂದರು. ಮದುವೆ ಮಾತು ಇನ್ನೂ ಅರ್ಧಕ್ಕೆ ನಿಂತಿತ್ತು. ಊಟ ಮುಗೀತು. ಬೀಗರು ಸುಮ್ಮನೆ ಒಂದು ನೋಟು ಸೋಂಪಿನ ತಟ್ಟೆಯಲ್ಲಿ ಇಟ್ಟರು. ಬೆಳೆಗಾರರ ಮುಖ ಬಾಡಿಹೋಯಿತು. ಅವರೂ ಒಂದು ಇಟ್ಟರು, ಅದಕ್ಕಿಂತ ದೊಡ್ಡದು.

"ಅಯ್ಯೋ, ಮೀರೆಂದುಕು ಬಾವಗಾರೂ, ನೇನಿಸ್ತಾ" ಅಂತ ಬೀಗರು ತೆಲುಗಲ್ಲೇ ತಡೆದು, ನೀವ್ಯಾಕೆ, ನಾನು ಕೊಡ್ತೀನಿ ಅಂತ ಇನ್ನೊಂದು ಇಟ್ಟರು.

"ಎಲ್ಲಾದ್ರೂ ಉಂಟಾ! ನೀವು ನಮ್ಮ ಕಡೆಗೆ ಬಂದವರು!" ಅಂತ ಇವರು ಮತ್ತೊಂದು.

ನಾನು ಕಿಂಡಿಯಲ್ಲಿ ತಲೆ ತೂರಿಸಿ ನೋಡುತ್ತಿದ್ದೇನೆ, ಒಲೆ ಮೇಲೆ ಹಿಟ್ಟು ಸೀಯುತ್ತಿದೆ. ಸಪ್ಲೈಯರ್ರು ತೇರಿನ ಮುಂದೆ ನಿಂತವನ ಹಂಗೆ ಕಣ್ಣು ಮುಚ್ಚಿ ಕೈ ಮುಗಿದುಕೊಂಡಿದ್ದಾನೆ. ತಟ್ಟೆಯಲ್ಲಿ ಸೋಂಪೇ ಕಾಣುತ್ತಿಲ್ಲ.

ಬೀಗರ ಕಾರು ಹೊರಟಿತು. ಬೆಳೆಗಾರರು ಕೈ ಬೀಸಿ ಕಳಿಸಿಕೊಟ್ಟು ಸರಸರ ವಾಪಸು ಬಂದರು. "ಎಲ್ಲಯ್ಯಾ ತಟ್ಟೆ? ತಾ ಇಲ್ಲಿ." ತಮ್ಮ ನೋಟು ಎತ್ತಿಕೊಂಡರು. ಆಮೇಲೆ ಬೀಗರದನ್ನೂ ಎತ್ತಿಕೊಂಡರು.

ಇವನು ಬಾಯಿ ಬಿಟ್ಟ. "ಸಾರ್, ಅದು ಅವರದು!"

"ಇನ್ಮೇಲೆ ಅವರದೆಲ್ಲಾ ನಮ್ಮದೇ ಕಣಯ್ಯ. ಸಂಬಂಧ ಕುದುರ್ತಲ್ಲ!"

ಹೋಗುವಾಗ ಸೋಂಪನ್ನೂ ಬಿಡಲಿಲ್ಲ.

ಐದು ಸ್ಟಾರು

ಕಳವಾರದ ಹತ್ತಿರ ಬೆಟ್ಟ ಹತ್ತಿ ಇಳಿದು ಬರುವ ಪ್ಯಾಟೆ ಮಕ್ಕಳ ಗುಂಪೊಂದು ಬಂತು. ಮುದ್ದೇನ ಕಡಲೆಕಾಯಿ ಹಂಗೆ ಅಗಿದು ಅಗಿದು ತಿಂದರು. ಪಾಪ, ನುಂಗೋದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ತಿಂದಾದ ಮೇಲೆ ಸೀದಾ ನನ್ನ ಬಾಗಿಲಿಗೇ ಬಂದರು. ನಾನು ಅಭ್ಯಾಸಬಲದಿಂದ ಸೆರಗು ಸರಿಸಿ ತಲೆ ತೋರಿಸಿದೆ.

"ಇಲ್ಲಜ್ಜಿ, ಕೂದಲಲ್ಲ! ಊಟ ಸೂಪರ್! ಒಂದು ಸೆಲ್ಫಿ!"

ನನ್ನ ಎದೆ ಹಿಗ್ಗಿತು. ಮುದ್ದೆ ಕೋಲು ಹಿಡಿಸಿದರು, ನಗಿಸಿದರು, ತಬ್ಬಿಕೊಂಡರು. "ಅಜ್ಜಿ, ನಿಮಗೆ ಐದು ಸ್ಟಾರ್ ಕೊಟ್ಟಿದ್ದೀವಿ."

ನಾನು ಕೈ ಚಾಚಿದೆ. "ಎಲ್ಲಿ, ಕೊಡ್ರಪ್ಪ."

ಕೈ ಕುಲುಕಿ ಹೊರಟುಹೋದರು.

ದೇವರ ಪಾಲು

ಅವತ್ತು ನನಗೆ ತಡೆಯಲಾಗಲಿಲ್ಲ. ಗಲ್ಲಾದ ಮುಂದೆ ಹೋಗಿ ನಿಂತೆ. "ಯಜಮಾನರೇ, ಟಿಪ್ಸಲ್ಲಿ ಅಡಿಗೆಮನೆಗೂ ಪಾಲು ಬೇಕು. ಇಲ್ಲದಿದ್ದರೆ ನಾಳೆಯಿಂದ ಇವನ ನಗೂನೇ ಸಾರಲ್ಲಿ ಅದ್ದಿ ಬಡಿಸ್ಕೊಳ್ಳಿ."

ಯಜಮಾನರು ನ್ಯಾಯವಂತರು. ಒಂದು ತಗಡಿನ ಡಬ್ಬಿ ತಂದರು, ಮುಚ್ಚಳಕ್ಕೆ ತೂತು ಮಾಡಿದರು. ಟಿಪ್ಸೆಲ್ಲ ಇದಕ್ಕೇ ಬೀಳಬೇಕು, ವಾರಕ್ಕೊಮ್ಮೆ ಹಂಚಿಕೆ. ಎಲ್ಲಾ ಸರಿ. ಆದರೆ ಡಬ್ಬಿ ಇಟ್ಟದ್ದೆಲ್ಲಿ? ಗಲ್ಲಾದ ಪಕ್ಕ, ವೆಂಕಟರಮಣಸ್ವಾಮಿ ಪಟದ ಕೆಳಗೆ, ಕುಂಕುಮದ ಬಟ್ಟಲಿಗೆ ಒತ್ತಿಕೊಂಡು.

ಜನ ಬಿಲ್ಲು ಕೊಡುತ್ತಿದ್ದರು, ಪಟಕ್ಕೆ ಕೈ ಮುಗಿಯುತ್ತಿದ್ದರು, ಡಬ್ಬಿಗೆ ಕಾಸು ಹಾಕಿ ಕುಂಕುಮ ಇಟ್ಕೊಂಡು ಹೋಗುತ್ತಿದ್ದರು. ಒಬ್ಬಾಕೆಯಂತೂ ಮಗಳಿಗೆ ಗಂಡು ಸಿಗಲಪ್ಪ ಅಂತ ಡಬ್ಬಿಗೆ ಅಡ್ಡಬಿದ್ದು, ಮೇಲೆ ಒಂದು ಚಿಪ್ಪು ಬಾಳೆಹಣ್ಣು ಇಟ್ಟಳು. ವಾರ ತುಂಬಿತು. ನಾನೂ ಸಪ್ಲೈಯರ್ರೂ ಕೈ ತೊಳ್ಕೊಂಡು ಬಂದು ನಿಂತೆವು.

ಯಜಮಾನರು ಡಬ್ಬಿ ಕಣ್ಣಿಗೊತ್ತಿಕೊಂಡರು. "ಇದು ಹುಂಡಿ ದುಡ್ಡು ಕಣಮ್ಮ. ಕೊಟ್ಟೋರು ಸ್ವಾಮಿಗೆ ಅಂತ ಕೊಟ್ಟವ್ರೆ. ಮುಟ್ಟಿದ್ರೆ ನನ್ನ ಮಕ್ಕಳು ಮರಿಗೆ ತಟ್ಟುತ್ತೆ."

ಆ ದುಡ್ಡಲ್ಲಿ ಪಟದ ಸುತ್ತ ಮಿಣಮಿಣ ಬಣ್ಣದ ದೀಪದ ಸರ ಬಂತು, ಡಬ್ಬಿ ಸ್ವಾಮಿಗೇ ಉಳಿಯಿತು, ಟಿಪ್ಸು ಮತ್ತೆ ಸೋಂಪಿನ ತಟ್ಟೆಗೇ ಹೋಯಿತು. ನಾನು ಸ್ವಾಮಿಯ ಮುಖಾನೇ ನೋಡಿ ಕೇಳಿದೆ: "ಅಲ್ಲಪ್ಪಾ ತಂದೆ, ನೀನು ಯಾವತ್ತು ತಟ್ಟೆ ಎತ್ತಿದೆ? ಯಾವತ್ತು ಮುದ್ದೆ ತಿರುವಿದೆ?"

ಬಾಳೆಹಣ್ಣು ಮಾತ್ರ ನಮಗೆ ಹಂಚಿದರು. ಪ್ರಸಾದ ಅಂತ.

ಪಂತ

ಬಾಳೆಹಣ್ಣು ತಿನ್ನುತ್ತಾ ಸಪ್ಲೈಯರ್ರು ಕೆಣಕಿದ. "ಅಜ್ಜಮ್ಮ, ಸಿಟ್ಟಾಗ್ಬೇಡಿ. ಜನ ಕೊಡೋದು ಮುದ್ದೆಗಲ್ಲ. ಮುಖಕ್ಕೆ."

"ಓಹೋ, ಬಣ್ಣ ಹಚ್ಚಿದ ತಲೆಗೋ? ನಾಳೆ ನಾನು ಬಡಿಸ್ತೀನಿ, ನೀನು ತಿರುವು. ನನಗೆ ಒಂದೇ ಒಂದು ಟಿಪ್ಸು ಬಂದ್ರೂ ಇನ್ಮೇಲೆ ಅರ್ಧ ಪಾಲು ಅಡಿಗೆಮನೆಗೆ. ಒಪ್ತೀಯಾ?"

"ಒಪ್ಪಿದೆ. ಸಾಯಂಕಾಲ ಟಿಪ್ಸು ಕಣ್ಣಾರೆ ತೋರಿಸಬೇಕು."

ಯಜಮಾನರೇ ಸಾಕ್ಷಿ.

ಮಾರನೇ ದಿನ ಮಗಳ ಮದುವೆಗೆ ಉಟ್ಟಿದ್ದ ಸೀರೆ ಉಟ್ಟು ಹೋದೆ. ಮೊದಲನೇ ತಟ್ಟೆ ಎತ್ತಿದೆ ನೋಡಿ, ಮೇಜಿನಲ್ಲಿದ್ದವರು ಎದ್ದೇ ನಿಂತುಬಿಟ್ಟರು. "ಅಯ್ಯಯ್ಯೋ, ಈ ವಯಸ್ಸಲ್ಲಿ ನೀವ್ಯಾಕಮ್ಮ? ಕೂತ್ಕೊಳ್ಳಿ!" ನನ್ನನ್ನು ಬೆಂಚಿನ ಮೇಲೆ ಕೂರಿಸಿ, ತಾವೇ ಕಿಂಡಿಗೆ ಹೋಗಿ ಮುದ್ದೆ ತಂದುಕೊಂಡರು. ಇನ್ನೊಬ್ಬರು ತಂದುಕೊಂಡದ್ದಲ್ಲದೆ ಪಕ್ಕದವರಿಗೂ ಬಡಿಸಿದರು. ಮತ್ತೊಬ್ಬರು ತಟ್ಟೆಗೆ ನೋಟು ಹಾಕಿ, ನನ್ನ ಮುಖ ನೋಡಿ, ನಾಲಿಗೆ ಕಚ್ಚಿಕೊಂಡು ವಾಪಸು ತೆಗೆದುಕೊಂಡರು. "ತಪ್ಪಾಯ್ತಮ್ಮ. ದೊಡ್ಡೋರಿಗೆ ಟಿಪ್ಸು ಕೊಟ್ಟರೆ ನಮಗೆ ಒಳ್ಳೇದಾಗುತ್ತಾ?"

"ಆಗುತ್ತೆ ಕಣಪ್ಪ, ಕೊಡು!" ಅಂತ ಬಾಯಿಗೆ ಬಂದಿತ್ತು. ಮಾನ ಅಡ್ಡ ಬಂತು.

ಅಡಿಗೆಮನೆಯಲ್ಲಿ ಇವನ ಪಾಡು ಬೇರೆ. ಮುದ್ದೆಯ ತುಂಬ ಗಂಟು. ಜನ ಒಬ್ಬರ ಹಿಂದೊಬ್ಬರು ಆ ಬಾಗಿಲಿಗೆ ಹೋಗಿ ಬೈದು ಬರುತ್ತಿದ್ದರು. ಇಸ್ತ್ರಿ ಅಂಗಿ ಮೈಗಂಟಿತ್ತು, ಬೆವರಿಗೆ ತಲೆಯ ಬಣ್ಣ ಕಿವಿಯ ಮೇಲೆ ಇಳಿದಿತ್ತು. ಆ ನಗು ಎಲ್ಲೋ ಕಾಣೆ. ನನ್ನ ಹೊಟ್ಟೆ ಸ್ವಲ್ಪ ತಣ್ಣಗಾಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಂಡಿಕಲ್ ಕಡೆಯ ಒಬ್ಬ ಮನುಷ್ಯ ಬಂದ. ತಲೆ ಎತ್ತದೆ ಉಂಡ, ಯಾರ ಮುಖವನ್ನೂ ನೋಡಲಿಲ್ಲ. ಲೋಟದ ಕೆಳಗೆ ಒಂದು ಐವತ್ತರ ನೋಟು ಸಿಕ್ಕಿಸಿ ಬಸ್ಸು ಹಿಡಿಯಲು ಓಡಿದ. ಟಿಪ್ಸು! ನನ್ನ ಟಿಪ್ಸು! ಕಣ್ಣಿಗೊತ್ತಿಕೊಂಡು ಕಿಂಡಿಯತ್ತ ಆಡಿಸಿ ತೋರಿಸಿದೆ. "ನೋಡ್ಕೊಳೋ!"

ಹಂಗೆ ತಿರುಗುತ್ತೇನೆ, ಹೊಸದಾಗಿ ಮದುವೆಯಾದ ಗಂಡು ಹೆಣ್ಣು. ವಿದುರಾಶ್ವತ್ಥಕ್ಕೆ ಪೂಜೆಗೆ ಹೋಗಿ ಬರುತ್ತಾ ಉಣ್ಣಲು ಬಂದವರು. ಕೈಯ ಅರಿಶಿನ ಇನ್ನೂ ಆರಿಲ್ಲ. ಹುಡುಗಿ ನನ್ನನ್ನು ನೋಡಿ ಕಣ್ಣಲ್ಲಿ ನೀರು ಹಾಕಿಕೊಂಡಳು.

"ನೀವು ಥೇಟ್ ನಮ್ಮಜ್ಜಿ ಥರಾನೇ ಇದ್ದೀರಾ. ನನ್ನ ಮದುವೆ ನೋಡೋಕೆ ಅವರಿರಲಿಲ್ಲ. ಆಶೀರ್ವಾದ ಮಾಡಿ."

ಇಬ್ಬರೂ ಹಾಲ್‌ನ ನಡುವೆ ನನ್ನ ಕಾಲಿಗೆ ಬಿದ್ದರು. ಇಡೀ ಹೋಟ್ಲು ಉಣ್ಣುವುದು ಬಿಟ್ಟು ನೋಡುತ್ತಿದೆ. ಹೊಸ ಮದುವೆಯವರನ್ನು ಬರೀಗೈಯಲ್ಲಿ ಹರಸುವುದುಂಟೇ? ನನ್ನ ಕೈಯಲ್ಲಿರುವುದು ಅದೊಂದೇ ನೋಟು. ನೋಟನ್ನು ನೋಡಿದೆ, ಹುಡುಗಿಯ ತಲೆಯ ಹೂವು ನೋಡಿದೆ.

ಕಿಂಡಿಯಿಂದ ಹಿಟ್ಟು ಮೆತ್ತಿದ ಮುಖ ಹೊರಬಂತು. "ಕೊಡಿ ಅಜ್ಜಮ್ಮ, ಯೋಚನೆ ಮಾಡ್ತೀರಲ್ಲ! ಬರೀಗೈಲಿ ಹರಸ್ತಾರಾ?"

ಕೊಟ್ಟೆ. ಕೊಡಲೇಬೇಕಲ್ಲ!

"ಬರೀ ಐವತ್ತಾ? ಮೇಲೊಂದು ರೂಪಾಯಿ ಇಡಬೇಕು ಅಜ್ಜಮ್ಮ. ಶುಭಕಾರ್ಯ!" ಅಂತ ಮತ್ತೆ ಕೂಗಿದ.

ನನ್ನ ಸೊಂಟದ ಸಂಚಿಯಲ್ಲಿ ಎಲೆ ಅಡಿಕೆ ಬಿಟ್ಟರೆ ಏನಿತ್ತು? ಅವನೇ ಕಿಂಡಿಯಿಂದ ಕೈ ಚಾಚಿ ಒಂದು ರೂಪಾಯಿ ಕೊಟ್ಟ. "ಇದು ಸಾಲ. ನೆನಪಿರ್ಲಿ."

ಸಾಯಂಕಾಲ ಪಂಚಾಯ್ತಿ ಕೂತಿತು. "ಟಿಪ್ಸು ಬಂದಿತ್ತು!" ಅಂತ ನಾನು. "ಎಲ್ಲಿ, ತೋರಿಸಲಿ" ಅಂತ ಅವನು, ಊದಿಕೊಂಡ ರಟ್ಟೆ ನೀವಿಕೊಳ್ಳುತ್ತಾ. ಯಜಮಾನರು ಬಹಳ ಹೊತ್ತು ಗಡ್ಡ ಕೆರೆದುಕೊಂಡು ತೀರ್ಪು ಕೊಟ್ಟರು: "ಬಂದಿದ್ದೂ ನಿಜ, ಇಲ್ಲದೇ ಇರೋದೂ ನಿಜ. ಅದಕ್ಕೇ ಇನ್ಮೇಲೆ ತಟ್ಟೇಲಿ ಮಿಕ್ಕ ಸೋಂಪಿನಲ್ಲಿ ಅರ್ಧ ಅಡಿಗೆಮನೆಗೆ."

ಟಿಪ್ಸು ದುಡಿಯಲು ಹೋದವಳು ಸಾಲ ಹೊತ್ತು, ಸೋಂಪು ಅಗಿಯುತ್ತಾ ಮನೆಗೆ ಬಂದೆ.

ಯಾರ್ಯಾರು ಏನಾದರು

ಬೆಳೆಗಾರರ ಮಗನ ಮದುವೆ ಆಯಿತು. ಬೀಗರದು ಭಾರೀ ಧಾರಾಳದ ಕೈ. ಹಬ್ಬಹಬ್ಬಕ್ಕೂ ಬಂದು ಹೋಟ್ಲಿಗೆ ಕರ್ಕೊಂಡು ಹೋಗ್ತಾರಂತೆ, ಇವರು ಪ್ರತಿ ಸಲ ವಾಪಸು ಓಡಿಬರಬೇಕಂತೆ.

ಪ್ಯಾಟೆ ಮಕ್ಕಳ ಫೋನಲ್ಲಿ ನಾನು ಇನ್ನೂ ನಗುತ್ತಿದ್ದೇನಂತೆ. ಅದನ್ನು ನೋಡಿಕೊಂಡು ಜನ ಬರುತ್ತಲೇ ಇದ್ದರು. ಪಟ ತೆಗೆದುಕೊಳ್ಳುತ್ತಿದ್ದರು, ಕೈ ಕುಲುಕುತ್ತಿದ್ದರು. ಅಷ್ಟೇ.

ಸ್ವಾಮಿಯ ದೀಪದ ಸರ ಮೊನ್ನೆ ಮೊನ್ನೆ ಬದಲಾಯಿಸಿದರು. ಅವನೊಬ್ಬನೇ ಆ ಹೋಟ್ಲಲ್ಲಿ ಉದ್ಧಾರವಾದವನು.

ಆ ದಂಪತಿ ವರ್ಷ ಕಳೆದು ನನ್ನನ್ನು ಹುಡುಕಿಕೊಂಡು ಬಂದರು. ಮಡಿಲಿಗೆ ಒಂದು ಮುದ್ದಾದ ಹೆಣ್ಣುಕೂಸು ಹಾಕಿದರು. ಮಗೂನ ಮೊದಲ ಸಲ ಬರೀಗೈಯಲ್ಲಿ ನೋಡುತ್ತಾರೆಯೇ? ಮತ್ತೆ ಹೋಯಿತು ನನ್ನ ದುಡ್ಡು.

ಸಪ್ಲೈಯರ್ರು ಗೌರಿಬಿದನೂರಲ್ಲಿ ತನ್ನದೇ ಮುದ್ದೆ ಹೋಟ್ಲು ಇಟ್ಟ. ಈಚೆಗೆ ಆ ಕಡೆ ಹೋಗಿದ್ದಾಗ ಉಣ್ಣಲು ಹೋದೆ. ಅಲ್ಲೂ ಗೋಡೆ, ಅಲ್ಲೂ ಕಿಂಡಿ. ಮುದ್ದೆ, ಸತ್ಯ ಹೇಳಬೇಕು, ನನ್ನದಕ್ಕಿಂತ ಚೆನ್ನಾಗಿತ್ತು. ಅವನೇ ನಗುನಗುತ್ತಾ ಸೋಂಪಿನ ತಟ್ಟೆ ತಂದಿಟ್ಟು ಪಕ್ಕದಲ್ಲಿ ನಿಂತ. ನಾನು ಸಂಚಿಯಿಂದ ಒಂದು ನೋಟು ತೆಗೆದೆ. ಅವನ ಕಣ್ಣು ಅರಳಿತು. ಎದ್ದು, ತಟ್ಟೇನೂ ಎತ್ತಿಕೊಂಡು, ಅವನನ್ನು ದಾಟಿ ಸೀದಾ ಅಡಿಗೆಮನೆ ಬಾಗಿಲಿಗೆ ಹೋದೆ.

ಒಲೆ ಮುಂದಿದ್ದ ಹೆಂಗಸು ನನ್ನನ್ನು ನೋಡಿ ಗಾಬರಿಯಿಂದ ಸೆರಗು ಸರಿಸಿದಳು. "ಕೂದ್ಲು ಸಿಕ್ತೇನಮ್ಮ?"

"ಇಲ್ಲ ತಾಯಿ. ಮುದ್ದೆ ಚೆನ್ನಾಗಿತ್ತು. ಇಟ್ಕೋ."

ಅವಳು ನೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕಿಂಡಿಗೆ ಬಾಯಿ ಇಟ್ಟು ಕೂಗಿದಳು. "ಅಣ್ಣಾ, ಯಾರೋ ಅಜ್ಜಿ ಬಿಲ್ಲು ದುಡ್ಡು ತಂದು ಇಲ್ಲಿ ಕೊಡ್ತಾವ್ರೆ, ಬಂದು ಈಸ್ಕೊ!"

ಅವನು ಬಂದ. ನೋಟು ನೋಡಿದ, ನನ್ನನ್ನು ನೋಡಿದ. ಆ ನಗು ಸ್ವಲ್ಪ ಹೊತ್ತು ಎಲ್ಲಿಗೋ ಹೋಗಿ ಬಂತು. "ಇಟ್ಕೊಳಮ್ಮ, ಅದು ನಿಂದೇ" ಅಂದ.

ಆಮೇಲೆ ನನ್ನ ಕಡೆ ತಿರುಗಿ ಅಂಗೈ ಚಾಚಿದ. "ಅಜ್ಜಮ್ಮ, ನನ್ನ ಒಂದ್ರೂಪಾಯಿ?"

ಸೋಂಪಿನ ತಟ್ಟೆ ಅವನ ಕೈಗಿಟ್ಟೆ. "ಇದರಲ್ಲಿ ಅರ್ಧ ತಗೋ" ಅಂದೆ.