ಬಣ್ಣ ಬಿಡುವ ಗಿಡ

ಲಾಂಡ್ರಿ ಅಂಗಡಿಯ ಯಜಮಾನಿ ಅಂದು ಬೆಳಿಗ್ಗೆ ಕಾರಿನಿಂದ ಇಳಿದದ್ದೇ ಪೇಪರ್ ಸುತ್ತಿದ ಒಂದು ಕುಂಡದ ಸಮೇತ. ಅದನ್ನು ಕೌಂಟರಿನ ಮೇಲೆ ಮಗುವಿನಂತೆ ಇಳಿಸಿದರು.

"ಇದು ಬೆಗೋನಿಯ ಕಣಯ್ಯ, ನನ್ನ ಜೀವ. ಮನೇಲಿ ಪೇಂಟಿಂಗ್ ನಡೀತಿದೆ, ಇವತ್ತೊಂದು ದಿನ ನೀನು ನೋಡ್ಕೋ. ಬೆಳಕಲ್ಲಿಡು, ಬಿಸಿಲಿಗಿಡಬೇಡ. ಮಣ್ಣು ಒಣಗಬಾರದು, ನೀರು ನಿಲ್ಲಬಾರದು. ಸುತ್ತ ತೇವ ಇರ್ಬೇಕು, ಎಲೆ ಒದ್ದೆ ಆಗಬಾರದು. ಎಷ್ಟು ಆರೈಕೆ ಮಾಡಿದ್ರೂ ಹಾಳಾದ್ದು ಒಂದು ಮೊಗ್ಗು ಬಿಟ್ಟಿಲ್ಲ. ತಿಳೀತಾ?"

"ತಿಳೀತು ಮೇಡಂ," ಎಂದ ಚೀಟಿಯಣ್ಣ. ಒಂದಕ್ಷರವೂ ತಿಳಿದಿರಲಿಲ್ಲ.

"ಹೊಸ ಬ್ರಾಂಚ್‌ಗೆ ಯಾರನ್ನ ಕಳಿಸೋದು ಅಂತ ಸಂಜೆ ಬಂದು ಹೇಳ್ತೀನಿ," ಎಂದು ಗಿಡವನ್ನೊಮ್ಮೆ, ಅವನನ್ನೊಮ್ಮೆ ನೋಡಿ ಯಜಮಾನಿ ಹೊರಟರು.

ಚೀಟಿಯಣ್ಣ ಕುಂಡವನ್ನು ಎರಡೂ ಕೈಯಿಂದ ತಬ್ಬಿ ಹಿಡಿದ. ಗಿರಾಕಿಗಳ ಬಟ್ಟೆಗೆ ದಿನವಿಡೀ ನಿಂತು ಚೀಟಿ ಚುಚ್ಚಿ ಅವನಿಗೆ ಆ ಹೆಸರೂ ಬಂದಿತ್ತು, ಮಂಡಿನೋವೂ ಬಂದಿತ್ತು. ಹೊಸ ಬ್ರಾಂಚಿನಲ್ಲಿ ಇನ್‌ಚಾರ್ಜ್‌ಗೆ ಗರಗರ ತಿರುಗುವ ಕುರ್ಚಿಯಿದೆಯಂತೆ! ಅವನ ಹೆಂಡತಿ ಆಗಲೇ ತವರಿಗೆಲ್ಲ ಫೋನ್ ಮಾಡಿ ಸಾರಿಬಿಟ್ಟಿದ್ದಳು.

ಪೇಪರ್ ಬಿಚ್ಚಿದವನು ಹೌಹಾರಿದ. ಎಲೆ ಎಲೆಯ ಮೇಲೂ ಬಿಳಿ ಬಿಳಿ ಚುಕ್ಕೆ! ಈ ಚುಕ್ಕೆಗಳು ಮೊದಲೇ ಇದ್ದವೋ, ತನ್ನ ಕೈ ಸೋಕಿ ಎದ್ದವೋ? ಓಡಿಹೋಗಿ ಒಳಗಿನಿಂದ ಮಾಸ್ತರನ್ನು ಕರೆತಂದ. ಬಟ್ಟೆಯ ಎಂಥ ಕಲೆಯನ್ನಾದರೂ ತೆಗೆಯುವ ಆಸಾಮಿ ಅವರು.

ಮಾಸ್ತರು ಕನ್ನಡಕ ಏರಿಸಿ, ಎಲೆಯೊಂದನ್ನು ಕೋಟಿನ ಕಾಲರಿನಂತೆ ಮಗುಚಿದರು. ಹಿಂಭಾಗ ಕೆಂಪಗಿತ್ತು.

"ಅಯ್ಯಯ್ಯೋ! ಮೇಲೆ ಬೂಷ್ಟು ಹಿಡಿದಿದೆ, ಒಳಗಿನ ಲೈನಿಂಗ್ ಬಣ್ಣ ಬಿಡ್ತಿದೆ!"

"ಗಿಡಕ್ಕೂ ಲೈನಿಂಗ್ ಇರುತ್ತಾ ಮಾಸ್ತರೇ?"

"ಕಣ್ಣಿಗೆ ಕಾಣ್ತಿಲ್ವೇನಯ್ಯ? ಬಣ್ಣ ನಿಲ್ಲಿಸೋಕೆ ಉಪ್ಪುನೀರೇ ಮದ್ದು. ನೀನು ಸುಮ್ನಿರು, ಇದು ನನ್ನ ಕಸುಬು."

ಬೇಡ ಎನ್ನಲು ಚೀಟಿಯಣ್ಣ ಬಾಯಿ ತೆರೆಯುವಷ್ಟರಲ್ಲಿ ಕುಂಡಕ್ಕೆ ಒಂದು ಚೊಂಬು ಉಪ್ಪುನೀರು ಬಿದ್ದಿತ್ತು. ಆಮೇಲೆ ಮಾಸ್ತರು ರೇಷ್ಮೆ ಸೀರೆ ಉಜ್ಜುವ ಬ್ರಷ್ಷಿನಿಂದ ಚುಕ್ಕೆ ಉಜ್ಜಿದರು. ಚುಕ್ಕೆ ಜಪ್ಪಯ್ಯ ಎನ್ನಲಿಲ್ಲ, ಎಲೆ ಹರಿಯಿತು. ತಮ್ಮ ಕೈಲಿ ಹೋಗದ ಕಲೆ ಕಂಡು ಮಾಸ್ತರು ಕೆಂಡವಾದರು.

ಅಷ್ಟರಲ್ಲಿ ಇಸ್ತ್ರಿಯಕ್ಕ ಬಂದಳು. "ಸುತ್ತ ತೇವ ಇರ್ಬೇಕು ಅಂದ್ರಲ್ವಾ ಮೇಡಂ? ಅದಕ್ಯಾಕೆ ಚಿಂತೆ ಮಾಡ್ತೀಯ ತಮ್ಮಾ, ನಾನಿಲ್ವಾ?" ಎನ್ನುತ್ತ ಹಬೆಯ ಇಸ್ತ್ರಿಪೆಟ್ಟಿಗೆಯಿಂದ ಬುಸ್ಸೆಂದು ಎರಡು ಸಲ ಗಿಡದ ಮೇಲೆ ಹಬೆ ಬಿಟ್ಟಳು. ಗಿಡ ಬೇಯಿಸಿದ ಸೊಪ್ಪಿನಂತೆ ಕುಂಡದ ಅಂಚಿಗೆ ಒರಗಿಕೊಂಡಿತು.

ಕೋಟು ಒಯ್ಯಲು ಬಂದ ಗಿರಾಕಿ ಹೆಂಗಸೊಬ್ಬಳು ಕಿಟಾರನೆ ಕಿರುಚಿದಳು. "ಯಾರ್ರೀ ಇದನ್ನ ಹೀಗೆ ಮಾಡಿದ್ದು? ಇದು ಚುಕ್ಕೆ ಬೆಗೋನಿಯ! ಆ ಚುಕ್ಕೆ, ಆ ಕೆಂಪು, ಅದೇ ಅಲ್ವಾ ಇದರ ಚಂದ?"

ಮಾಸ್ತರು ಮೆತ್ತಗೆ ಒಳಗೆ ಜಾರಿದರು. ಇಸ್ತ್ರಿಯಕ್ಕನಿಗೆ ಇದ್ದಕ್ಕಿದ್ದಂತೆ ರಾಶಿ ಕೆಲಸ ನೆನಪಾಯಿತು.

ಚೀಟಿಯಣ್ಣನಿಗೆ ಅಳು ಬರುವುದೊಂದು ಬಾಕಿ. ಮುಂದಿನ ಬೀದಿಯ ನರ್ಸರಿಗೆ ಓಡಿದ. ಅಂಥದೇ ಗಿಡ ಅಲ್ಲಿ ಒಂದೇ ಒಂದಿತ್ತು, ತುದಿಯಲ್ಲಿ ಗೊಂಚಲು ಮೊಗ್ಗು ಬೇರೆ. ಜೇಬು ಬರಿದು ಮಾಡಿ ತಂದು, ಯಜಮಾನಿಯ ಕುಂಡದಲ್ಲಿ ನೆಟ್ಟ. ಮೊಗ್ಗು ಚಿವುಟಬೇಕೇ, ಬಿಡಬೇಕೇ? ಚಿವುಟಿದರೆ ಗಾಯ ಕಂಡೀತು, ಬಿಟ್ಟರೆ ಮೊಗ್ಗೇ ಕಂಡೀತು. ಯೋಚಿಸುತ್ತಿದ್ದಂತೆಯೇ ಹೊರಗೆ ಕಾರಿನ ಸದ್ದಾಯಿತು.

ಒಳಗೆ ಬಂದ ಯಜಮಾನಿ ಗಿಡದ ಮುಂದೆ ಗಕ್ಕನೆ ನಿಂತರು. ಚೀಟಿಯಣ್ಣ ಕಣ್ಣು ಮುಚ್ಚಿಕೊಂಡ.

"ಮೊಗ್ಗು! ಒಂದೇ ದಿನದಲ್ಲಿ ಮೊಗ್ಗು ಬಿಡಿಸಿದ್ದೀಯಲ್ಲೋ! ಏನು ಮಾಡ್ದೆ?"

"ಏನೂ ಮಾಡ್ಲಿಲ್ಲ ಮೇಡಂ, ದೇವರಾಣೆ," ಎಂದ ಚೀಟಿಯಣ್ಣ. ಮೊಗ್ಗಿನ ಮಟ್ಟಿಗೆ ಅದಂತೂ ನಿಜವೇ ಆಗಿತ್ತು.

"ಕೈಗುಣ ಅಂದ್ರೆ ಇದು! ನಿಜ ಹೇಳ್ತೀನಿ, ಬ್ರಾಂಚ್‌ಗೆ ನಿನ್ನನ್ನೇ ಕಳಿಸೋಣ ಅಂತಿದ್ದೆ. ಈಗ ಹೇಗೆ ಬಿಡಲಿ ಹೇಳು? ಅಲ್ಲಿಗೆ ಮಾಸ್ತರು ಹೋಗಲಿ. ಕಲೆ ತೆಗೆಯೋರು ಇನ್ನೊಬ್ಬರು ಸಿಗ್ತಾರೆ, ಇಂಥ ಕೈ ಸಿಗುತ್ತಾ? ಮನೇಲಿ ಇನ್ನೂ ಎಂಟು ಕುಂಡ ಇದೆ, ಒಂದರಲ್ಲೂ ಮೊಗ್ಗಿಲ್ಲ. ನಾಳೆ ಎಲ್ಲಾನೂ ತಂದಿಡ್ತೀನಿ."

ಒಳಬಾಗಿಲಲ್ಲಿ ಮಾಸ್ತರು ಕನ್ನಡಕ ಒರೆಸಿಕೊಳ್ಳುತ್ತ ಹಲ್ಲು ಬಿಟ್ಟರು. ಯಜಮಾನಿ ಹೊರಟವರು ಬಾಗಿಲಲ್ಲಿ ಏನೋ ನೆನಪಾಗಿ ತಿರುಗಿದರು.

"ಹಾಂ, ಬ್ರಾಂಚಿಗೆ ತಂದ ಆ ತಿರುಗೋ ಕುರ್ಚಿ ನಾಳೆ ಇಲ್ಲಿಗೇ ಬರುತ್ತೆ."

ಚೀಟಿಯಣ್ಣನ ಮುಖ ಅರಳಿತು. ಹೋದ ಜೀವ ಬಂದಂತಾಗಿ, "ನಿಮ್ಮ ಉಪಕಾರ ಮರೆಯೋಲ್ಲ ಮೇಡಂ! ಮಂಡಿ ಸತ್ತೇ ಹೋಗಿತ್ತು," ಎಂದ.

"ನಿನ್ನ ಮಂಡಿ ಯಾಕೋ ಮಧ್ಯೆ?" ಎಂದರು ಯಜಮಾನಿ. "ಗಿಡಕ್ಕೆ ನಾಲ್ಕೂ ಕಡೆ ಬೆಳಕು ಬೀಳಬೇಕಲ್ಲ. ಕಿಟಕಿ ಹತ್ರ ಹಾಕಿ, ಈ ಕುಂಡನ ಅದರ ಮೇಲಿಡು. ನೀನು ಪಕ್ಕದಲ್ಲೇ ನಿಂತು ಆಗಾಗ ತಿರುಗಿಸ್ತಾ ಇರು."